ರಷ್ಯಾದವರಿಗೂ ಒಂದು ಎಡೆ

ಈ ಸಲದ ಮಹಾಲಯ ಅಮಾವಾಸ್ಯೆಗೆ ನಮ್ಮವ್ವ ರಷ್ಯಾದ ರಾಜಮನೆತನಕ್ಕೂ ಒಂದು ಎಡೆ ಇಟ್ಟಳು. ತಪ್ಪು ನನ್ನದೇ.

ಹಿಂದಿನ ವಾರ ನೆಲಮಂಗಲದ ಗುಜರಿ ಅಂಗಡಿಯಲ್ಲಿ ಹಳೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಕ್ರಾಂತಿಯ ಹೊತ್ತಿನಲ್ಲಿ ರಷ್ಯಾ ಬಿಟ್ಟು ಓಡಿದ ರಾಜಮನೆತನದ ಹೆಣ್ಣುಮಗಳೊಬ್ಬಳ ಆತ್ಮಕಥೆ. (ಮುಖಪುಟ ಕಿತ್ತುಹೋಗಿತ್ತು. ಇದ್ದಿದ್ದರೆ ಗುಜರಿಯವನು ರೇಟು ಏರಿಸುತ್ತಿದ್ದ.) ಬೆಂಗಳೂರಿನ ಬಸ್ಸಿನಲ್ಲಿ, ಲಾರಿಗಳ ನಡುವೆ ಸಿಕ್ಕಿಕೊಂಡು, ಮೂರೇ ದಿನದಲ್ಲಿ ಓದಿ ಮುಗಿಸಿದೆ.

ಅರಮನೆ, ಮುತ್ತಿನ ಹಾರ ಹೋದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಯಾರ ಬೆವರಿನ ಮುತ್ತು ಅದು? ಆದರೆ ಒಂದು ಕಡೆ ಪುಸ್ತಕ ಮುಚ್ಚಿಬಿಟ್ಟೆ. ತನ್ನವರನ್ನು ಕೊಂದು ಎಲ್ಲಿ ಹೂತರೋ ಅವಳಿಗೆ ಗೊತ್ತಿಲ್ಲ. ಪರದೇಶದ ಬಾಡಿಗೆ ಕೋಣೆಯಲ್ಲಿ ಕೂತು, ಯಾವ ದಿಕ್ಕಿಗೆ ಕೈಮುಗಿಯಬೇಕೆಂದು ತಿಳಿಯದೆ ಅಳುತ್ತಾಳೆ.

ಇದನ್ನು ಅವ್ವನಿಗೆ ಹೇಳಬಾರದಿತ್ತು. ಹೇಳಿದೆ.

ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು. “ಪಾಪ, ಆಯಮ್ಮಂಗೆ ಜಾಗಾನೂ ಗೊತ್ತಿಲ್ವಾ? ನಮ್ದೇ ವಾಸಿ ಕಣಪ್ಪಾ. ತಲೆ ಮೇಲೆ ಇಮಾನ ಹಾರಾಡಿದ್ರೂ ನಿಮ್ಮಪ್ಪನ ಕಲ್ಲು ಅಲ್ಲೇ ಐತೆ. ಹುಲ್ಲು ಕುಯ್ಯೋರು ಯಾರಾನಾ ಒಂದು ಹೂವ ಇಟ್ಟಿರ್ತಾರೆ.”

ನಾವು ಮೂಲತಃ ದೇವನಹಳ್ಳಿ ಕಡೆಯವರು. ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ನಮ್ಮ ಪದ್ಧತಿ. ಅಪ್ಪನನ್ನೂ ಹಾಗೇ ಮಾಡಿ, ಹೆಸರು ಕೆತ್ತಿಸಿದ ಕಲ್ಲು ನೆಟ್ಟಿದ್ದೆವು. ಆಮೇಲೆ ಏರ್‌ಪೋರ್ಟ್ ಬಂತು. ಹೊಲ ಈಗ ಕಾಂಪೌಂಡಿನ ಒಳಗಿದೆ, ನಾವು ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿದ್ದೇವೆ.

ಅವ್ವನಿಗೆ ಗೊತ್ತಿಲ್ಲದ್ದು ಒಂದಿದೆ.

ಏರ್‌ಪೋರ್ಟಿಗೆ ಜಮೀನು ಅಳೆಯುವ ಸರ್ವೆಯ ಹಿಂದಿನ ದಿನ ಟೀ ಅಂಗಡಿಯಲ್ಲಿ ಯಾರೋ ಅಂದರು: “ಸಮಾಧಿ ಐತೆ ಅಂದ್ರೆ ತಕರಾರು ಅಂತ ಬರ್ಕೊಂಬಿಡ್ತಾರೆ ಗುರು. ನಿಮ್ ಪರಿಹಾರದ ಫೈಲು ಕದಲಲ್ಲ.” ನಿಜವೋ ಸುಳ್ಳೋ, ಯಾರನ್ನೂ ಕೇಳಲಿಲ್ಲ. (ಓದಿ ಓದಿ ಮರುಳಾದ ಕೂಚುಭಟ್ಟ ಅಂತಾರಲ್ಲ, ಅದು ನಾನೇ.) ಹಾರೆ ಹಾಕಿ ಕಲ್ಲು ಕಿತ್ತೆ. ಹಾಳು ಬಾವಿಗೆ ಉರುಳಿಸಿದೆ. ಮಣ್ಣು ಸಮ ಮಾಡಿ ಮೇಲೆ ರಾಗಿ ಹುಲ್ಲು ಹರಡಿದೆ. ಕಾಂಪೌಂಡು ಏಳುವವರೆಗೆ ಏನಾದರೊಂದು ನೆಪ ಹೇಳಿ ಅವ್ವನನ್ನು ಹೊಲದ ಕಡೆ ಬಿಡಲಿಲ್ಲ.

ಸರ್ವೆಯವರು ಬಂದರು. ಹುಣಸೆ ಮರ, ಬಾವಿ, ಬದು ಬರೆದುಕೊಂಡು ಹೋದರು. ಪಕ್ಕದ ಹೊಲದವರು ತಮ್ಮ ತಾತನ ಸಮಾಧಿ ತೋರಿಸಿದ್ದರಂತೆ. ಮೂಳೆ ತೆಗೆದು ಬೇರೆ ಕಡೆ ಮಣ್ಣು ಮಾಡಲು ಅವರಿಗೆ ಟೈಮು ಕೊಟ್ಟರು. ಅಷ್ಟೇ. ಯಾರ ಫೈಲೂ ನಿಲ್ಲಲಿಲ್ಲ.

ರಷ್ಯಾದವಳಿಗೆ ಶಪಿಸಲು ಶತ್ರುಗಳಾದರೂ ಇದ್ದರು. ನಾನು ಯಾರನ್ನು ಶಪಿಸಲಿ?

ಅಮಾವಾಸ್ಯೆಯ ದಿನ ಅಪ್ಪನ ಎಲೆಗೆ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಇನ್ನೊಂದು ಎಲೆ. “ಆಯಮ್ಮನ ಕಡೆಯೋರು ಮುದ್ದೆ ಉಣ್ತಾರೋ ಇಲ್ವೋ” ಅಂತ ಅದಕ್ಕೆ ಬೇಕರಿಯಿಂದ ಬನ್ನು ತರಿಸಿದ್ದಳು. ನನಗೆ ನಗು ಬರಲಿಲ್ಲ. ಧೂಪ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು, ಇಬ್ಬರೂ ಜಗಲಿಯ ಮೇಲೆ ಕೂತೆವು.

“ನಾನು ಸಾಯೋದ್ರೊಳಗೆ ಒಂದ್ಸಲ ಪರ್ಮಿಷನ್ ತಗೊಂಡು ಒಳಕ್ಕೆ ಕರ್ಕೊಂಡೋಗಪ್ಪಾ. ಕಲ್ಲು ಮುಟ್ಟಿ ಬಂದ್ಬಿಡ್ತೀನಿ. ಇನ್ನೇನೂ ಕೇಳಲ್ಲ” ಅಂದಳು.

“ಆಯ್ತವ್ವಾ” ಅಂದೆ. ಆ ಬಾವಿಯನ್ನೂ ಮುಚ್ಚಿ ವರ್ಷಗಳಾದವು. ಅಪ್ಪ ಎಲ್ಲಿದ್ದಾನೆಂದು ತೋರಿಸಲು ಈಗ ನನ್ನಿಂದಲೂ ಆಗದು.

ಅವ್ವನಿಗೆ ಓದು ಬರದು. ಪ್ರತಿ ವಾರ ಈ ಅಂಕಣವನ್ನು ನಾನೇ ಅವಳಿಗೆ ಓದಿ ಹೇಳುತ್ತೇನೆ.

ಈ ವಾರ ಏನು ಓದಲಿ?