ನೀರಿನಲ್ಲಿ ಹುಟ್ಟಿದ ಕೆಂಪು

ಥಪ್, ಥಪ್ ಎಂದು ಒದ್ದೆ ದಾರದ ಲಡಿಗಳು ಕಲ್ಲಿಗೆ ಬಡಿಯುವ ಸದ್ದು ಕೇಳಿದರೆ ಬನಹಟ್ಟಿಯ ಆ ಓಣಿಗೆ ಬೆಳಗಾಯಿತೆಂದೇ ಲೆಕ್ಕ. ಪವರ್‌ಲೂಮುಗಳು ಆಮೇಲೆ ಏಳುತ್ತಿದ್ದವು. ಅವಕ್ಕಿಂತ ಮೊದಲು ಏಳುವವನು ಬಣ್ಣಗಾರ ವಿಠೋಬಾ. ಮೊಣಕೈವರೆಗೆ ಕೆಂಪು, ಉಗುರಿನ ಸಂದಿಯಲ್ಲಿ ಕಪ್ಪು. ಊಟಕ್ಕೆ ಕೂತಾಗ ಅನ್ನದ ಬಿಳುಪಿನಲ್ಲಿ ಅವನ ಬೆರಳುಗಳು ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು.

ದಾರ ಒಯ್ಯಲು ಬಂದ ನೇಕಾರರಿಗೆ ಅವನು ಹೇಳುವ ಮಾತೊಂದಿತ್ತು: "ಗಂಜಿ ಅಂದ್ರ ದಾರಕ್ಕ ಅಂಗಿ ತೊಡಿಸಿದಂಗ. ನೀರಾಗ ಹಾಕಿದ್ರ ಕಳಚತೈತಿ, ದಾರ ಮತ್ತ ಮೊದಲಿನ ದಾರನ. ಬಣ್ಣ ಹಂಗಲ್ಲಪಾ. ಒಮ್ಮೆ ಕೂಡಿತು ಅಂದ್ರ ಅದು ಹಳೇ ದಾರ ಅಲ್ಲ."

ಅವನದು ಎರಡು ನೀರಿನ ಕೆಂಪು. ಮೊದಲ ತೊಟ್ಟಿಯಿಂದ ಎದ್ದ ದಾರ ಮಾಸಲು ಹಳದಿ. ಎರಡನೆಯ ತೊಟ್ಟಿಗೆ ಇಳಿಸಿದ ಕೂಡಲೇ ಎರಡು ಮದ್ದುಗಳು ದಾರದ ಒಡಲೊಳಗೆ ಸಂಧಿಸಿ, ಎಲ್ಲೂ ಇಲ್ಲದ ಕೆಂಪು ಹುಟ್ಟಿಬಿಡುತ್ತಿತ್ತು. ಎಷ್ಟು ವರ್ಷ ನೋಡಿದರೂ ಆ ಗಳಿಗೆಗೆ ಅವನು ಉಸಿರು ಹಿಡಿಯುತ್ತಿದ್ದ. ಎರಡನೆಯ ನೀರು ಮಾತ್ರ ಕೊರೆಯುವಷ್ಟು ತಣ್ಣಗಿರಬೇಕು. ಬೇಸಿಗೆಯಲ್ಲಿ ಬರ್ಫದ ಗಡ್ಡೆ ಬಾರದೆ ಅವನು ಆ ತೊಟ್ಟಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ನೀರು ಬೆಚ್ಚಗಾದರೆ ಮದ್ದು ಕೆಡುತ್ತದೆ. ಕೆಂಪು ದಾರದೊಳಗೆ ಹುಟ್ಟುವ ಬದಲು ನೀರಿನಲ್ಲೇ ಹುಟ್ಟಿ, ದಾರದ ಮೇಲೆ ಧೂಳಿನಂತೆ ಕೂರುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ, ಒದ್ದೆಯಾಗಿ ಬಣ್ಣ ಬಿಟ್ಟಾಗಲೇ ಗೊತ್ತು.

ಈ ಏಪ್ರಿಲಿನಲ್ಲಿ ಪಕ್ಕದ ಮನೆಯ ನೇಕಾರ ರಾಜಕುಮಾರನ ಮಗಳು ಸ್ನೇಹಾಳ ಮದುವೆ ಜಮಖಂಡಿಗೆ ಗೊತ್ತಾಯಿತು. ಮನೆಯ ಮಗ್ಗದಲ್ಲೇ ನೇಯ್ದ ಕೆಂಪು ಸೀರೆ ಉಟ್ಟು ಮಗಳು ಸುರಗಿಯ ಅರಿಷಿಣದ ನೀರಿಗೆ ಕೂರಬೇಕೆಂಬುದು ರಾಜಕುಮಾರನ ಮನೆತನದ ರೂಢಿ. ಆ ದಾರ ಅದ್ದಬೇಕಿದ್ದ ದಿನವೇ ಎದುರುಮನೆಯ ಪದ್ಮವ್ವ ತೀರಿಕೊಂಡಳು. ಮಗ ಸೂರತ್ತಿನಿಂದ ಬರುವತನಕ ಹೆಣ ಕೆಡದಂತೆ ಕಾಯಬೇಕಿತ್ತು. ವಿಠೋಬಾ ತನ್ನ ಬರ್ಫವನ್ನೆಲ್ಲ ತಾನೇ ಹೊತ್ತು ಕೊಟ್ಟುಬಂದ.

ಬಂದು ನೋಡಿದರೆ ಬಾಗಿಲಲ್ಲಿ ರಾಜಕುಮಾರ. "ಕಾಕಾ, ಮಗ್ಗ ಖಾಲಿ ಕುಂತೈತಿ."

ನಾಳೆ ಬಾ ಎಂದಿದ್ದರೆ ಆಗುತ್ತಿತ್ತು. ಆದರೆ ಹೇಳಿದ ದಿನ ತಪ್ಪಿಸದವನು ಎಂಬ ಹೆಸರು ವಿಠೋಬಾನಿಗೆ ಎಲ್ಲಕ್ಕಿಂತ ಪ್ರಿಯ. ಬಾವಿಯ ನೀರು ತಣ್ಣಗೇ ಇದೆಯೆಂದು ತನಗೆ ತಾನೇ ಹೇಳಿಕೊಂಡು ಅದ್ದಿದ. ತೊಟ್ಟಿಯ ನೀರು ಕೆಂಪಗೆ ಕದಡಿತು. ಅವನು ಕಂಡೂ ಕಾಣದವನಂತೆ ಲಡಿ ಹಿಂಡಿ ಒಣಹಾಕಿದ.

ಜಮಖಂಡಿಯ ವರನ ಮನೆಯಲ್ಲಿ ಸುರಗಿ ನಡೆಯಿತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಗಂಡುಹೆಣ್ಣನ್ನು ಒತ್ತಾಗಿ ಕೂರಿಸಿ, ಅರಿಷಿಣ ಬಳಿದು ನೀರೆರೆದರು. ಆ ಹಳದಿಯ ಗದ್ದಲದಲ್ಲಿ ಯಾರಿಗೂ ಏನೂ ಕಾಣಲಿಲ್ಲ. ವರನ ಅತ್ತಿಗೆ ಕಾವೇರಿ, ಅವನು ಸುರಗಿಗೆ ಉಟ್ಟಿದ್ದ ಧೋತರ ಒಗೆದು ಹಗ್ಗಕ್ಕೆ ಹಾಕಿದಾಗ, ಅದರ ಮೈತುಂಬ ಕೆಂಪು ಕಲೆ. ಜತನವಾಗಿ ಎತ್ತಿಡಬೇಕಾದ ಧೋತರ ಅದು.

ಪಂಕ್ತಿಯಲ್ಲಿ ಉಣ್ಣುತ್ತಿದ್ದವರಿಗೂ ಕೇಳುವಂತೆ ಅವಳ ಅತ್ತೆ ತಾಯವ್ವ ಶುರುಮಾಡಿದಳು. "ಅರಿಷಿಣದ ಅರಿವಿಗೆ ಸಾಬಾನ ಹಚ್ಚಿದ್ರ ಕೆಂಪಾಗತೈತಿ ಅಂತ ಸಣ್ಣ ಹುಡುಗ್ರಿಗೂ ಗೊತ್ತು. ಇಷ್ಟ ವರ್ಷ ಆತು ಈ ಮನಿಗೆ ಬಂದು, ಒಂದ ಧೋತರ ಒಗ್ಯಾಕ ಬರಾಂಗಿಲ್ಲ ಇಕಿಗೆ."

"ಮೈದುನನ ಮದುವಿ ಅಲ್ರಿ, ಒಬ್ಬಾಕಿನ ಓಕುಳಿ ಆಡ್ಯಾಳ," ಎಂದಿತು ಒಂದು ದನಿ. ಪಂಕ್ತಿ ನಕ್ಕಿತು.

ಹೆಣ್ಣಿನ ಕಡೆಯವರೊಂದಿಗೆ ಪಂಕ್ತಿಯಲ್ಲಿ ಕೂತಿದ್ದ ವಿಠೋಬಾ ತಲೆ ಎತ್ತಿ ಹಗ್ಗದ ಕಡೆ ನೋಡಿದ. ಅರಿಷಿಣಕ್ಕೆ ಸಾಬಾನು ತಾಗಿದರೆ ಕೆಂಪಾಗುವುದು ನಿಜ, ಆದರೆ ಅದು ಇಟ್ಟಿಗೆಯಂಥ ಕೆಂಪು. ನಡುವಿನ ಆ ದಟ್ಟ ಕಲೆ ಯಾರದೆಂದು ಅವನಿಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ.

ಪಕ್ಕದಲ್ಲಿದ್ದ ರಾಜಕುಮಾರ ಕಿವಿಯ ಹತ್ತಿರ ಬಾಗಿದ. "ನಿನ್ನ ಬಣ್ಣ ಬಿಟ್ಟೈತೇನೋ ಅಂತ ಅಂಜಿದ್ದೆ ಕಾಕಾ. ಸಾಬಾನಂತ."

"ಹೂಂ," ಎಂದ ವಿಠೋಬಾ. ಬಾಯಲ್ಲಿದ್ದ ಹೋಳಿಗೆ ಮಣ್ಣಾಯಿತು.

ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಕಾವೇರಿ ಧೋತರವನ್ನು ಮತ್ತೆ ಕಲ್ಲಿಗೆ ಹಾಕಿ ತಿಕ್ಕುತ್ತಿದ್ದಳು. ಅವನ ಕೈ ನೋಡಿ ಗುರುತು ಹಿಡಿದಳು. "ಕಾಕಾ, ನೀವು ಬಣ್ಣದವ್ರಲ್ರಿ. ಇದಕ್ಕೇನರ ಔಷಧ ಐತೇನ್ರಿ? ಸಾಬಾನ ಹಚ್ಚಿದ್ದು ಖರೆ. ತಪ್ಪು ನಂದ. ಆದ್ರ ಇಷ್ಟ ಕೆಂಪ ಹೆಂಗಾತು, ತಿಳಿವಲ್ದು."

ತಪ್ಪು ತನ್ನದೆಂದು ಅವಳೂ ನಂಬಿಬಿಟ್ಟಿದ್ದಳು. ವಿಠೋಬಾ ಧೋತರದ ಅಂಚು ಹಿಡಿದು ನೋಡಿದ.

"ಲಿಂಬಿಹಣ್ಣ ಐತೇನವ್ವಾ?"

ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯಬಹುದಿತ್ತು. ಬರ್ಫದ ಕತೆ ಹೇಳಬಹುದಿತ್ತು. ಅದೂ ಒಮ್ಮೆ ಮನಸ್ಸಿಗೆ ಬಂದುಹೋಯಿತು, ಸತ್ತ ಪದ್ಮವ್ವನ ತಲೆಗೆ ಈ ಕಲೆಯನ್ನು ಕಟ್ಟುವುದು. ಹಾಗೆ ಯೋಚಿಸಿದ ತನ್ನನ್ನು ಎಲ್ಲಿ ಬಚ್ಚಿಡಬೇಕೋ ಅವನಿಗೆ ತಿಳಿಯಲಿಲ್ಲ. ಕಾವೇರಿ ಹಣ್ಣು ತಂದಾಗ, "ನಿಮ್ಮ ಅತ್ತೀನ ಕರಿ," ಎಂದ.

ತಾಯವ್ವ ಬಂದಳು, ಹಿಂದೆಯೇ ರಾಜಕುಮಾರನೂ ಬಂದ. ವಿಠೋಬಾ ಧೋತರ ಹರವಿ ಲಿಂಬೆ ಹಿಂಡಿದ. ಅಂಚಿನ ಕೆಂಪು ನೋಡನೋಡುತ್ತ ಹಳದಿಗೆ ಮರಳಿತು. ನಡುವಿನ ಕಲೆ ಮಿಸುಕಲಿಲ್ಲ.

"ಹುಳಿ ಬಿದ್ದ ಕೂಡಲೇ ಹಳದಿ ಆತಲ್ರಿ, ಅದು ಸಾಬಾನದ್ದು. ಹಂಗ ಉಳದದ್ದು ನಂದು. ಸೀರಿ ಬಣ್ಣ ಬಿಟ್ಟೈತ್ರಿ. ಈ ಹುಡುಗಿದೇನೂ ಇಲ್ಲ." ನೆಲ ನೋಡುತ್ತ ಹೇಳಿದ, "ಊಟಕ್ಕ ಕುಂತಾಗನ ನನಗ ಗೊತ್ತಿತ್ರಿ."

ರಾಜಕುಮಾರ ಮುಖ ತಿರುಗಿಸಿದ. ತಾಯವ್ವ ಸೆರಗು ಸರಿಮಾಡಿಕೊಂಡು ನಕ್ಕಳು. "ಅಯ್ಯ, ಹೋಗ್ಲಿ ಬಿಡ್ರಿ. ಹಿರ್ಯಾರು ನೀವು. ಕೈಯಾನ ಕೆಲಸ, ಒಮ್ಮೆ ಹಿಂಗ, ಒಮ್ಮೆ ಹಂಗ. ಧೋತರ ಇನ್ನೊಂದ ತಂದ್ರಾತು."

ಅದೇ ಧೋತರ, ಅದೇ ಕಲೆ. ಅವನ ಪಾಲಿಗೆ ಬಂದಾಗ ಅದು ಎಷ್ಟು ಹಗುರಾಗಿಬಿಟ್ಟಿತು.

"ಅಕಿಗೂ ಒಂದ ಮಾತ ಹೇಳ್ರಿ, ಅಕ್ಕಾರ," ಎಂದ.

"ನಮ್ಮ ಮನ್ಯಾಕಿಗೆ ಏನ ಹೇಳೂದ್ರಿ? ಅಕಿ ಅದನ್ನೆಲ್ಲ ಮನಸಿಗೆ ಹಚ್ಕೊಳ್ಳಾಂಗಿಲ್ಲ. ಏ ಕಾವೇರಿ, ಏನ ನೋಡ್ಕೋತ ನಿಂತಿ? ಕಾಕಾರಿಗೆ ಚಾ ಇಡು, ಸಕ್ರಿ ಛಲೋ ಹಾಕು."

ಕಾವೇರಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಒಲೆಯ ಕಡೆ ನಡೆದಳು. ಅವನನ್ನು ನೋಡಲಿಲ್ಲ.

"ಕುಂದರ್ರಿ ಕಾಕಾ," ತಾಯವ್ವ ಮಣೆ ಸರಿಸುತ್ತಿದ್ದಳು, "ಹೊಸ ಬೀಗರು ನೀವು, ಇಷ್ಟಕ್ಕ ಯಾಕ ಮನಸ ಸಣ್ಣ ಮಾಡ್ಕೋತೀರಿ, ನಮ್ಮ ತಂಗೀ ಮದುವ್ಯಾಗೂ ಹಿಂಗ..."

ವಿಠೋಬಾ ಚಾಕ್ಕೆ ಕಾಯದೆ ಚಪ್ಪಲಿಗಳನ್ನು ಕೈಯಲ್ಲೇ ಹಿಡಿದು ಹಿತ್ತಲ ಬಾಗಿಲು ದಾಟಿದ. ತಾಯವ್ವನ ಮಾತು ಇನ್ನೂ ನಡೆದೇ ಇತ್ತು.