ಒಂದ್ಗೀಟು ಹಾಕಿದ ಸಹಿ

ಗಾಜಿನಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಒಂದ್ಗೀಟು ಎಂದೇ. ಗಾಜು ಕತ್ತರಿಸುವವರಿಗೆ ಒಂದು ಕಟ್ಟುಪಾಡಿದೆ. ಕತ್ತರಿಸುವ ಪುಟ್ಟ ಗಾಲಿಯಿಂದ ಗಾಜಿನ ಮೇಲೆ ಗೀಟೆಳೆಯುವುದು ಒಂದೇ ಸಲ. ಸರಿ ಬರಲಿಲ್ಲವೆಂದು ಅದೇ ಗೀಟಿನ ಮೇಲೆ ಇನ್ನೊಮ್ಮೆ ಎಳೆದಿರೋ, ಗಾಲಿಯೂ ಹಾಳು, ಗಾಜೂ ತನಗೆ ಬೇಕಾದ ಕಡೆ ಒಡೆಯುತ್ತದೆ. ಕಲಿಯುವಾಗ ಎಲ್ಲರೂ ಈ ತಪ್ಪು ಮಾಡಿ ಬೈಸಿಕೊಂಡವರೇ. ಇವನು ಮಾತ್ರ ಮೊದಲ ವಾರದಿಂದಲೇ ಸರ್ರನೆ ಒಂದೆಳೆತ, ಮೇಜಿನಂಚಿನಲ್ಲಿ ಒಂದು ಒತ್ತು, ಗಾಜು ಎರಡು. ಆ ಹೆಸರಿಗೆ ಅವನು ಉಬ್ಬಿಹೋಗಿದ್ದ. ಇಪ್ಪತ್ತಾರರ ಹುಡುಗ, ಅಷ್ಟು ಜಂಬ ಇರಲಿ ಬಿಡಿ.

ತೊಂದರೆ ಇದ್ದದ್ದು ಎದೆಯಲ್ಲಿ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು. ಇಷ್ಟು ವರ್ಷ ತೆಪ್ಪಗಿದ್ದ ಅದು ಈಗ ಬಾಲ ಬಿಚ್ಚಿತ್ತು. ದೊಡ್ಡ ಗಾಜಿನ ಹಾಳೆ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕವಾಟ ಬದಲಾಯಿಸದೆ ವಿಧಿಯಿಲ್ಲ ಎಂದರು ಡಾಕ್ಟರು.

ಅವತ್ತು ಅಮ್ಮ ಜೊತೆಗಿರಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳಿಗೆ ರಜೆ ಸಿಕ್ಕಿರಲಿಲ್ಲ. ಡಾಕ್ಟರು ಮೇಜಿನ ಮೇಲೆ ಎರಡು ಮಾದರಿಗಳನ್ನಿಟ್ಟರು.

"ಇದು ಲೋಹದ್ದು. ಹೆಚ್ಚುಕಮ್ಮಿ ಜೀವನಪೂರ್ತಿ ಬಾಳಿಕೆ ಬರುತ್ತೆ. ಆದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಕೊನೇವರೆಗೂ ದಿನಾ ಮಾತ್ರೆ ತಗೋಬೇಕು. ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ಲ. ಇನ್ನೊಂದು, ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಇದಕ್ಕೆ ಆ ಮಾತ್ರೆ ಮೂರು ತಿಂಗಳು ಸಾಕು. ಆದ್ರೆ ನಿನ್ನ ವಯಸ್ಸಿನವರಿಗೆ ಹತ್ತು ಹನ್ನೆರಡು ವರ್ಷಕ್ಕೆ ಸವೆದುಹೋಗುತ್ತೆ. ಆಗ ಮತ್ತೆ ಎದೆ ತೆರೀಬೇಕು. ನನ್ನ ಕೇಳಿದ್ರೆ ಲೋಹದ್ದೇ ವಾಸಿ. ಅಮ್ಮನ ಹತ್ರ ಮಾತಾಡ್ಕೊಂಡು ಬಾ."

ಒಂದ್ಗೀಟು ತನ್ನ ಬೆರಳು ನೋಡಿಕೊಂಡ. ಗಾಜಿನವನ ಕೈಗೆ ವಾರಕ್ಕೆ ನಾಲ್ಕು ಗೀರು ಇದ್ದದ್ದೇ. ಲೋಹದ್ದು ಹಾಕಿಸಿಕೊಂಡರೆ ಯಜಮಾನರು ಗಾಲಿ ಮುಟ್ಟಲು ಬಿಡುವುದಿಲ್ಲ. ಕೌಂಟರಿನಲ್ಲಿ ಕೂರಿಸಿ, ಗಿರಾಕಿಗಳಿಗೆ ಫೋಟೋ ಫ್ರೇಮು ತೋರಿಸಪ್ಪ ಎನ್ನುತ್ತಾರೆ. ಅದನ್ನು ನೆನೆಸಿಕೊಂಡೇ ಅವನ ಮುಖ ಹುಳ್ಳಗಾಯಿತು. ಎರಡು ದಿನ ಬಿಟ್ಟು ಒಬ್ಬನೇ ಆಸ್ಪತ್ರೆಗೆ ಹೋಗಿ, "ಅಮ್ಮನೂ ಒಪ್ಪಿದಾರೆ ಸಾರ್, ಸವೆಯೋದೇ ಇರ್ಲಿ" ಎಂದು ಸಹಿ ಹಾಕಿದ. ಮನೆಗೆ ಬಂದು, "ಯಾವ್ದು ಹಾಕ್ಬೇಕು ಅಂತ ಡಾಕ್ಟ್ರೇ ತೀರ್ಮಾನ ಮಾಡಿದಾರಮ್ಮ. ಒಂದ್ಸಲ ಹಾಕಿದ್ರೆ ಮುಗೀತಂತೆ" ಎಂದ. ಒಂದು ಸಹಿ, ಅದಕ್ಕೆ ಮೂರು ಹಸಿ ಸುಳ್ಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಸೀಳಿದ ಎದೆಮೂಳೆಯನ್ನು ತಂತಿಯಿಂದ ಬಿಗಿದಿದ್ದರು. ಭಾರ ಎತ್ತುವಂತಿಲ್ಲ, ಕೈ ತಲೆಯ ಮೇಲೆ ಒಯ್ಯುವಂತಿಲ್ಲ, ಕೆಮ್ಮು ಬಂದರೆ ದಿಂಬನ್ನು ಎದೆಗವಚಿಕೊಳ್ಳಬೇಕು. ಸ್ನಾನ ಮಾಡಿಸುತ್ತಿದ್ದವಳು ಅಮ್ಮ. ಮೀಸೆ ಬಂದ ಮಗ ಚಡ್ಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಬಚ್ಚಲಿನ ಗೋಡೆ ನೋಡುತ್ತಿದ್ದ. ವರ್ಷಗಟ್ಟಲೆ ಇಸ್ತ್ರಿಪೆಟ್ಟಿಗೆ ಎಳೆದು ಅವಳ ಬಲಭುಜ ಹಿಡಿದುಕೊಂಡಿತ್ತು. ಬಿಸಿನೀರಿನ ಬಕೆಟ್ಟನ್ನು ಎಡಗೈಯಲ್ಲಿ ಎತ್ತಿಕೊಂಡು, ಬಾಗಿಲ ಹತ್ತಿರ ಒಮ್ಮೆ ಇಳಿಸಿ, ಉಸಿರು ತೆಗೆದುಕೊಂಡು ಒಳಗೆ ತರುತ್ತಿದ್ದಳು.

"ಏನೋ ಅಷ್ಟೊಂದು ನಾಚಿಕೆ? ನಿನ್ನ ಮೈಯಲ್ಲಿ ನಾನು ನೋಡದೇ ಇರೋದು ಹೃದಯ ಒಂದೇ. ಅದನ್ನ ಆ ಡಾಕ್ಟ್ರು ನೋಡ್ಬಿಟ್ರು, ಪುಣ್ಯಾತ್ಮ," ಎಂದು ನಗುತ್ತಿದ್ದಳು.

ಪುಣ್ಯಾತ್ಮ ಎಂಬ ಮಾತು ಬಂದಾಗಲೆಲ್ಲ ಅವನಿಗೆ ಮೈ ಮೇಲೆ ಬಿದ್ದ ನೀರು ಇನ್ನಷ್ಟು ಸುಡುತ್ತಿತ್ತು. ಈಗ ಹೇಳೋಣ, ಗಾಯ ಒಣಗಲಿ, ಅಮ್ಮನ ಭುಜ ನೋವು ಇಳಿಯಲಿ ಎಂದು ದಿನ ತಳ್ಳಿದ.

ಮೂರು ತಿಂಗಳಿಗೆ ತಪಾಸಣೆಗೆ ಹೋದಾಗ ಅಮ್ಮನೂ ಹೊರಟಳು. ಕಾರಿಡಾರಿನ ಬೆಂಚಿನಲ್ಲಿ ಪಕ್ಕ ಕುಳಿತಿದ್ದ ಹೆಂಗಸು ಮಾತಿಗೆ ಮಾತು ಸೇರಿಸಿ ತನ್ನ ಗಂಡನ ಕಥೆ ಹೇಳಿದಳು. ಸವೆದ ಕವಾಟ ಬದಲಿಸಲು ಅವನನ್ನು ಎರಡನೇ ಸಲ ಸೇರಿಸಿದ್ದರಂತೆ. ಅಮ್ಮ ನಿಮ್ಮದು ಯಾವುದು, ನಮ್ಮದು ಯಾವುದು ಎಂದು ಕೆದಕಿ ಕೆದಕಿ ಕೇಳಿದಳು, ಫೈಲು ತೆರೆದು ತೋರಿಸಿ ನರ್ಸನ್ನೂ ಕೇಳಿದಳು. ಒಳಗೆ ಕರೆದಾಗ ಅವಳ ಮುಖ ಕೆಂಡವಾಗಿತ್ತು.

"ಇಷ್ಟು ಚಿಕ್ಕ ಹುಡುಗನಿಗೆ ಸವೆದುಹೋಗೋದನ್ನ ಹಾಕಿದ್ದೀರಲ್ಲ ಡಾಕ್ಟ್ರೇ, ನಿಮ್ಮ ಮಗ ಆಗಿದ್ರೆ ಹಾಕ್ತಿದ್ರಾ? ನಿಮ್ಮನ್ನ ದೇವರು ಅಂದ್ಕೊಂಡಿದ್ನಲ್ಲ!"

ಡಾಕ್ಟರು ಒಂದ್ಗೀಟಿನ ಕಡೆ ನೋಡಿದರು. ಸಹಿ ಇದ್ದ ಕಾಗದ ಅವರ ಕೈಕೆಳಗೇ ಇತ್ತು. ಅವನು ಬಾಯಿ ಬಿಡಲೆಂದು ಅವರು ಕಾದರು. ಅವನು ತನ್ನ ಚಪ್ಪಲಿ ನೋಡಿದ. ತನ್ನ ಹೃದಯವನ್ನು ಕೈಯಲ್ಲಿ ಹಿಡಿದು ಕಾಪಾಡಿದ ಮನುಷ್ಯ ತನ್ನೆದುರೇ ಬೈಸಿಕೊಳ್ಳುತ್ತಿದ್ದರೂ ಅವನು ಚಪ್ಪಲಿಯಿಂದ ಕಣ್ಣೆತ್ತಲಿಲ್ಲ. "ನಿಮ್ಮ ಸಿಟ್ಟು ಅರ್ಥ ಆಗುತ್ತಮ್ಮ," ಎಂದಷ್ಟೇ ಹೇಳಿ ಡಾಕ್ಟರು ಫೈಲು ಮುಚ್ಚಿದರು. ಅವರೂ ತಿರುಗಿಸಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ವಾರ ಅವನು ಅಂಗಡಿಗೆ ಹೋದ. ಯಜಮಾನರು ಅಂಗೈಯಗಲದ ಕನ್ನಡಿ ತುಂಡು ಕೊಟ್ಟು, "ನಿಧಾನಕ್ಕೆ ಮಾಡೋ" ಎಂದರು. ಗಾಲಿ ಹಿಡಿದರೆ ಕಿವಿಯಲ್ಲಿ ಅಮ್ಮ ಡಾಕ್ಟರನ್ನು ಬೈಯುತ್ತಿದ್ದಾಳೆ. ಗೀಟು ನಡುವೆ ಗಾಜಿಗೆ ಹತ್ತದೆ ತೇಲಿಹೋಯಿತು. ಎಂಟು ವರ್ಷದಲ್ಲಿ ಒಮ್ಮೆಯೂ ಮಾಡದ್ದನ್ನು ಒಂದ್ಗೀಟು ಅವತ್ತು ಮಾಡಿದ. ಯಾರೂ ನೋಡುತ್ತಿಲ್ಲವೆಂದು ಅದೇ ಗೀಟಿನ ಮೇಲೆ ಇನ್ನೊಮ್ಮೆ ಎಳೆದ. ಕನ್ನಡಿ ಅಡ್ಡಾದಿಡ್ಡಿ ಸೀಳಿತು, ಹೆಬ್ಬೆರಳು ಕುಯ್ದಿತು.

ಯಜಮಾನರು ನೋಡಿಯೇ ಇದ್ದರು. "ಇರ್ಲಿ ಬಿಡು, ಹುಷಾರಿಲ್ದೋನು," ಎಂದರು.

ಹೆಬ್ಬೆರಳನ್ನು ಬಟ್ಟೆಯಲ್ಲಿ ಒತ್ತಿ ಹಿಡಿದ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಈ ರಕ್ತ ಹೀಗೆ ನಿಲ್ಲಲೆಂದೇ ಅವನು ಅಷ್ಟೆಲ್ಲ ಸುಳ್ಳು ಹೇಳಿದ್ದು. ನಿಂತ ರಕ್ತ ನೋಡಿ ಅವನಿಗೆ ಅಳು ಬಂತು.

ಸಂಜೆ ಅಮ್ಮ ಭುಜಕ್ಕೆ ಬಿಸಿ ಬಟ್ಟೆ ಒತ್ತಿಕೊಳ್ಳುತ್ತ ಕುಳಿತಿದ್ದಳು. ಅವನು ನಿಂತೇ ಹೇಳಿದ. "ಡಾಕ್ಟ್ರದ್ದು ತಪ್ಪಿಲ್ಲಮ್ಮ. ಅವ್ರು ಲೋಹದ್ದೇ ಹಾಕೋಣ ಅಂದ್ರು. ಗಾಜಿನ ಕೆಲಸ ಬಿಡೋಕೆ ಆಗಲ್ಲ ಅಂತ ನಾನೇ ಇದಕ್ಕೆ ಸಹಿ ಹಾಕ್ದೆ. ನಿಂಗೂ ಸುಳ್ಳು ಹೇಳ್ದೆ, ಅವ್ರಿಗೂ ಹೇಳ್ದೆ."

ಅಮ್ಮ ಬಟ್ಟೆಯನ್ನು ಭುಜದಿಂದ ತೆಗೆದಳು. "ಎಷ್ಟು ವರ್ಷ ಬರುತ್ತೆ ಅಂದಿದ್ರು?"

"ಹತ್ತು... ಹನ್ನೆರಡು."

"ಆಗ ನಿಂಗೆಷ್ಟಾಗುತ್ತೆ?"

"ಮೂವತ್ತೆಂಟು."

"ನಂಗೆ?"

ಅವನು ಬೆರಳು ಮಡಚಿ ಲೆಕ್ಕ ಹಾಕತೊಡಗಿದ. ತನ್ನ ಹತ್ತು ಬೆರಳುಗಳ ಬಗ್ಗೆ ಎರಡು ದಿನ ಯೋಚಿಸಿದವನು ಅವಳ ವಯಸ್ಸಿನ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ.

"ಎಪ್ಪತ್ತೊಂದು," ಅಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. "ಆಗ ನಿಂಗೆ ಬಿಸಿನೀರು ಯಾರು ಎತ್ತಿ ತರ್ತಾರೋ?"

ಮರುದಿನ ಅವಳು ಲಾಂಡ್ರಿಗೆ ಹೋಗಲಿಲ್ಲ. ಹೊರಡು ಎಂದಳು. ಡಾಕ್ಟರ ಕೋಣೆಯ ಮುಂದೆ ಬಂದಾಗ ಅವನು ಬಾಗಿಲ ಬಳಿ ನಿಂತು ಅವಳಿಗಾಗಿ ಕಾದ. ಅವಳು ಹೋಗಿ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ನೀನೂ ಬಾಮ್ಮ."

"ನಾನು ಕೇಳ್ಕೋಬೇಕಾಗಿರೋ ಕ್ಷಮೆ ನಾನು ಆಮೇಲೆ ಹೋಗಿ ಕೇಳ್ಕೋತೀನಿ. ಸಹಿ ಹಾಕೋವಾಗ ಒಬ್ನೇ ಹೋಗಿದ್ಯಲ್ಲ, ಈಗ್ಲೂ ಒಬ್ನೇ ಹೋಗು."

ಒಂದ್ಗೀಟು ಬಾಗಿಲು ತಟ್ಟಿದ.