ಕಾಕು ಕಟ್ಟಿದ ಬೀಗರ ಹಾಡು

ಹಾಡಲು ಬಾಯಿ ತೆರೆದರೆ ಕಾಕುವಿನ ಕೊರಳಿನ ಎಡಗಡೆಯ ನರ ಹಗ್ಗದ ಹಾಗೆ ಉಬ್ಬಿಕೊಳ್ಳುತ್ತಿತ್ತು. ಕರಿಮಣಿ ಸರ ಆ ನರದ ಮೇಲೇರಿ ಕೂರುತ್ತಿತ್ತು, ದನಿ ಇಳಿದಾಗ ಜಾರಿ ಎದೆಗೆ ಬೀಳುತ್ತಿತ್ತು. ಆಳು ಎತ್ತರವೇನಲ್ಲ, ನನ್ನ ಭುಜಕ್ಕೆ ಬರುತ್ತಿದ್ದರು. ಆದರೆ ಅವರು ಹಿತ್ತಲಲ್ಲಿ ನಿಂತು ಮಗಳು ಶೈಲಾಳನ್ನು ಕೂಗಿದರೆ ನಮ್ಮ ಕ್ವಾರ್ಟರ್ಸಿನ ಕೊನೇ ಸಾಲಿನವರು ಕೂಡ ತಿರುಗಿ ನೋಡುತ್ತಿದ್ದರು.

ಜಾಲಹಳ್ಳಿಯಲ್ಲಿ ನಮ್ಮದೂ ಅವರದೂ ಅಂಟಿಕೊಂಡ ಮನೆಗಳು. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವರು ಬಾದಾಮಿ ಕಡೆಯಿಂದ ಬಂದವರು. ಶೈಲಾ ನನ್ನ ಓರಗೆಯವಳು, ಇಬ್ಬರೂ ಒಟ್ಟಿಗೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆವು. ಅವಳ ದೊಡ್ಡಪ್ಪನ ಮಕ್ಕಳು ಊರಿನಿಂದ ಬಂದಾಗ ಚಿಕ್ಕಮ್ಮನನ್ನು "ಕಾಕು" ಎಂದು ಕರೆಯುವುದನ್ನು ಕೇಳಿ ನಾನೂ ಹಾಗೇ ಕರೆಯತೊಡಗಿದೆ. ಆಮೇಲೆ ಇಡೀ ಸಾಲಿಗೇ ಅವರು ಕಾಕು ಆದರು.

ಯಾರ ಮನೆಯ ಮದುವೆಯಾದರೂ ಬೀಗರ ಹಾಡಿಗೆ ಕಾಕು ಬೇಕು. ಬೀಗರನ್ನು ಎದುರಿಗೆ ಕೂರಿಸಿಕೊಂಡು, ಅವರ ಹೊಟ್ಟೆ, ಮೀಸೆ, ಜಿಪುಣತನ ಎಲ್ಲವನ್ನೂ ಹಾಡಿನಲ್ಲಿ ಕಟ್ಟಿ ಕಿಚಾಯಿಸುವುದು ಅವರ ಕಡೆಯ ಪದ್ಧತಿ. ಬೈಸಿಕೊಂಡವರೇ ಮೊದಲು ನಗುತ್ತಿದ್ದರು. "ಬೈಗಳ ಹದ ಇರಬೇಕವ್ವಾ. ಉಪ್ಪಿನಕಾಯಿ ಇದ್ದಂಗ. ಊಟ ರುಚಿ ಆಗಬೇಕು, ಬಾಯಿ ಸುಡಬಾರದು" ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ನನ್ನ ಅಕ್ಕನ ಮದುವೆ ಯಶವಂತಪುರದ ಒಂದು ಛತ್ರದಲ್ಲಿ ನಡೆಯಿತು. ಭಾವನ ಕಡೆಯವರು ಕಾರಿನಲ್ಲಿ ಬಂದಿಳಿದರು. ಆಗ ಮನೆಗೊಂದು ಕಾರು ಎಲ್ಲಿತ್ತು? ಕಾಕು ಅಲ್ಲೇ ನಿಂತು ಹಾಡು ಕಟ್ಟಿದರು:

ಬೀಗರು ಬಂದರು ಕಾರಿನಾಗ,
ಹೊಟ್ಟಿ ಇಳೀತು ಮೊದಲ, ಆಮ್ಯಾಲ ಬೀಗ.
ಬೀಗಿತ್ತಿ ಸೀರಿ ಬಾಗಲದಾಗ ಸಿಕ್ಕೊಂತು,
ಬಿಡಿಸಾಕ ಹೋದ ಡ್ರೈವರಗ ನಾಚಿಕಿ ಬಂತು.

ಅಕ್ಕನ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಯಾರೋ ಮೈಕನ್ನು ಕಾಕುವಿನ ಬಾಯಿಯ ಹತ್ತಿರ ಹಿಡಿದರು. ಮದುವೆಗೆ ಕರೆಸಿದ್ದ ಮೈಕ್‌ಸೆಟ್ಟಿನವನು ಅದನ್ನೆಲ್ಲ ಟೇಪು ಮಾಡಿಕೊಳ್ಳುತ್ತಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ.

ಅವನದು ಯಶವಂತಪುರದಲ್ಲಿ ಕ್ಯಾಸೆಟ್ ಅಂಗಡಿ. ಕಾರುಗಳಿಗೆ ಸ್ಟೀರಿಯೊ ಕೂರಿಸುವ ಕೆಲಸವೂ ಇತ್ತು. ಮಾರುತಿ ಕಾರುಗಳು ಆಗಷ್ಟೇ ರಸ್ತೆಗೆ ಬರುತ್ತಿದ್ದ ಕಾಲ. ಹೊಸ ಕಾರು ಕೊಂಡವರು, ಹಳೇ ಫಿಯೆಟ್ಟಿಗೆ ಬಣ್ಣ ಹೊಡೆಸಿಕೊಂಡವರು ಎಲ್ಲರೂ ಅವನ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು. ಹಿಂದಿನ ಗಾಜಿನ ಕೆಳಗೆ ಎರಡು ದೊಡ್ಡ ಸ್ಪೀಕರು, ಹಾಡಿನ ತಾಳಕ್ಕೆ ಮಿನುಗುವ ಬಣ್ಣದ ಬಲ್ಬು. ಭಾನುವಾರ ಹೆಬ್ಬಾಳದ ಕೆರೆ ಏರಿಯ ಮೇಲೆ ಹುಡುಗರು ಕಾರಿನ ನಾಲ್ಕೂ ಬಾಗಿಲು ತೆರೆದು, ಹಾಡು ಹಾಕಿ ಕುಣಿಯುತ್ತಿದ್ದರು. ಹಳೆಯ ಹಾಡಿಗೆ ಡಿಸ್ಕೊ ತಾಳ ಸೇರಿಸಿದ ಕ್ಯಾಸೆಟ್ಟುಗಳನ್ನು ಅವರಿಗೆ ಒದಗಿಸುತ್ತಿದ್ದವನು ಇವನೇ. ಪ್ರತಿ ಕ್ಯಾಸೆಟ್ಟಿನ ಮೊದಲಿಗೆ, ಹಾಡುಗಳ ನಡುವೆ, ಅವನ ಸ್ವಂತ ದನಿಯಲ್ಲಿ ಒಂದಿಷ್ಟು ಮಾತು. ತನ್ನ ದನಿ ಎಂದರೆ ಅವನಿಗೆ ಅಷ್ಟು ಮೋಹ.

ಅಷ್ಟರಲ್ಲಿ ಶೈಲಾಳಿಗೆ ಗಂಡು ಗೊತ್ತಾಯಿತು. ಹುಡುಗನ ಸೋದರಮಾವನಿಗೆ ಒಂದು ಕಾರಿತ್ತು. ಚಿಕ್ಕಪೇಟೆಗೆ ಸೀರೆ ತರಲು ಎಲ್ಲರೂ ಅದರಲ್ಲೇ ಹೊರಟೆವು. ಮುಂದೆ ಆ ಸೋದರಮಾವ, ಪಕ್ಕದಲ್ಲಿ ಹುಡುಗನ ತಾಯಿ. ಹಿಂದೆ ಕಾಕು, ಶೈಲಾ, ನಾನು. ಗೊರಗುಂಟೆಪಾಳ್ಯ ದಾಟಿದ ಮೇಲೆ ಅವನು "ಒಂದ್ ಮಜಾ ಕೇಳಿ" ಎಂದು ಕ್ಯಾಸೆಟ್ ತುರುಕಿದ. ದಬದಬ ಡ್ರಮ್ಮು ಶುರುವಾಯಿತು. ಅದರ ಮೇಲೆ ಒಂದು ಹೆಣ್ಣುದನಿ:

"ಬೀಗಿತ್ತಿ ಸೀರಿ... ಬಿಡಿಸಾಕ ಹೋದ ಡ್ರೈವರ... ಬಿಡಿಸಾಕ, ಬಿಡಿಸಾಕ, ಬಿಡಿಸಾಕ..."

ಹಾಡಿನ ನಡುವಿನ "ಬಾಗಲ" ಮಾಯವಾಗಿತ್ತು. ಸಿಕ್ಕಿಕೊಂಡ ಸೀರೆ ಬಿಚ್ಚುವ ಸೀರೆಯಾಗಿತ್ತು. ಮಧ್ಯೆ ಮಧ್ಯೆ ಯಾರದೋ ನರಳುವ ದನಿ ಬೇರೆ ಸೇರಿಸಿದ್ದ ಆ ಮೈಕ್‌ಸೆಟ್ಟಿನವನು.

ಸೋದರಮಾವ ಸ್ಟೀರಿಂಗ್ ಮೇಲೆ ತಾಳ ಹಾಕುತ್ತ, "ಯಾವಳೋ ಮೂರೂ ಬಿಟ್ಟವ್ಳು. ಬೆಂಗ್ಳೂರ್ ತುಂಬಾ ಇದೇ ಓಡ್ತಿದೆ" ಎಂದು ನಕ್ಕ.

ಕಾಕು ಸುಮ್ಮನಿದ್ದರೆ ಆ ಗಳಿಗೆ ದಾಟಿಹೋಗುತ್ತಿತ್ತೇನೋ. ಶೈಲಾ ಅವರ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅವರು ಆ ಕೈ ಬಿಡಿಸಿಕೊಂಡು, "ಗಾಡಿ ನಿಲ್ಲಸ್ರಿ. ಆ ದನಿ ನಂದು. ಹಾಡು ನಂದಲ್ಲ" ಎಂದರು.

ಕಾರು ನಿಂತಿತು. ಹುಡುಗನ ತಾಯಿ ಹಿಂದಕ್ಕೆ ತಿರುಗಲೇ ಇಲ್ಲ. ನಾವು ಮೂವರೂ ಇಳಿದು ಬಸ್ಸು ಹಿಡಿದು ಮನೆಗೆ ಬಂದೆವು. ವಾರದೊಳಗೆ ಜಾತಕ ಕೂಡಿಬರಲಿಲ್ಲವೆಂದು ಹೇಳಿಕಳಿಸಿದರು.

ಅದಕ್ಕೆ ಮೊದಲು, ಕಾರಿನಿಂದ ಇಳಿದು ಬಂದ ಮರುದಿನವೇ ಕಾಕು ನನ್ನನ್ನು ಕರೆದುಕೊಂಡು ಆ ಕ್ಯಾಸೆಟ್ ಅಂಗಡಿಗೆ ಹೋಗಿದ್ದರು. ಅವನು ಒಂದು ಕಾರಿನ ಬಾಗಿಲಿಗೆ ಒರಗಿ ಬೀಡಾ ಜಗಿಯುತ್ತಿದ್ದ.

"ಏನಮ್ಮಾ, ಹಾಡಿದ್ದು ನೀವೇ ತಾನೆ?" ಎಂದ. "ನಾನೇನ್ ಒಂದ್ ಪದ ಸೇರ್ಸಿದೀನಾ? ಕತ್ತರ್ಸಿದೀನಿ, ಅಷ್ಟೆ. ಖುಷಿ ಪಡಿ, ನಿಮ್ ದನಿ ಊರೆಲ್ಲಾ ಸುತ್ತುತಾ ಇದೆ."

ಸುತ್ತ ನಿಂತವರು ನಕ್ಕರು. ಕಾಕು ನನ್ನ ಕೈ ಹಿಡಿದು ಬಸ್‌ಸ್ಟಾಪಿನ ಕಡೆ ತಿರುಗಿದರು. ವಾಪಸು ಬರುವಾಗ ಬಸ್ಸಿನಲ್ಲಿ, "ಅಂವನ ಕ್ಯಾಸೆಟ್ ಎಷ್ಟು ಸಿಗ್ತಾವ ಎಲ್ಲಾ ತರಬೇಕವ್ವಾ" ಎಂದರು.

ಕ್ಯಾಸೆಟ್ ತಂದುಕೊಟ್ಟವರು ಟ್ಯಾಕ್ಸಿ ಚಾಚಾ. ಯಶವಂತಪುರ ಸ್ಟೇಷನ್ನಿನ ಟ್ಯಾಕ್ಸಿಯವರಿಗೆಲ್ಲ ಅವರು ಹಿರಿಯರು. ಅವರ ಹೆಂಡತಿಯ ಬಾಣಂತನದಲ್ಲಿ ಕಾಕು ದಿನಾ ಹೋಗಿ ಕೂಸಿಗೆ ಎರೆದು ಬಂದಿದ್ದರು. ಚಾಚಾ ಚೀಲದ ತುಂಬ ಕ್ಯಾಸೆಟ್ ತಂದು, "ಅಮ್ಮಾ, ಶೈಲಾ ನಮ್ ಬೇಟಿ ಅಲ್ವಾ? ಏನ್ ಮಾಡ್ಬೇಕು ಹೇಳಿ. ಗಾಡಿ ನಮ್ದು, ಜವಾಬ್ದಾರಿನೂ ನಮ್ದು" ಎಂದರು.

ಕುವೈತಿನಲ್ಲಿದ್ದ ನನ್ನ ಮಾವ ಕೊಟ್ಟಿದ್ದ, ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ನಮ್ಮ ಮನೆಯಲ್ಲಿತ್ತು. ಮಧ್ಯಾಹ್ನ ಅಡುಗೆ ಮುಗಿಸಿ ಕಾಕು ಅದರ ಮುಂದೆ ಕಾಲು ಚಾಚಿ ಕೂರುತ್ತಿದ್ದರು. ಅವನ ಹಾಡು ಅವರಿಗೆ ಬೇಡ, ಅವನ ಮಾತು ಬೇಕು. "ನಿಮ್ಮ ಮನಸ್ಸು ಕದ್ದ ಹೆಣ್ಣಿನ ದನಿ ಇಗೋ ಕೇಳಿ." "ನಾಚಿಕೆ ಬಿಟ್ಟ ಹುಡುಗರೇ, ಕುಣಿಯಿರಿ." "ಕಳ್ಳ ಕ್ಯಾಸೆಟ್‌ಗಳ ಬಗ್ಗೆ ಎಚ್ಚರಿಕೆ." ಕಾಕು ಬೆರಳೆತ್ತಿದ ಕೂಡಲೇ ನಾನು ಗುಂಡಿ ಒತ್ತಬೇಕು. ಒಂದು ಪದ ಹಿಡಿಯಲು ಒಂದೊಂದು ಮಧ್ಯಾಹ್ನ ಹೋಗುತ್ತಿತ್ತು. ತಪ್ಪಿದರೆ, "ಅವಸರ ಬ್ಯಾಡ. ಅಂವ ಎಲ್ಲಿಗೂ ಓಡಿಹೋಗಂಗಿಲ್ಲ" ಎನ್ನುತ್ತಿದ್ದರು. ಅಷ್ಟು ತಣ್ಣಗಿನ ಸಿಟ್ಟನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಟೇಪು ಸಿದ್ಧವಾದ ಹೊಸತರಲ್ಲೇ ಅವನ ಮಗಳ ಮದುವೆ ಬಂತು. ಕಾರುಗಳಿಗೆ ಚಾಚಾ ಅವರಿಗೇ ಹೇಳಿದ್ದ. ಅವರು ಓಡಿಬಂದು ವಿಷಯ ತಿಳಿಸಿದರು. ಕಾಕು ತಲೆಯಾಡಿಸಿಬಿಟ್ಟರು.

"ಬ್ಯಾಡ. ಆ ಹುಡುಗಿ ಏನು ಮಾಡ್ಯಾಳ? ಗಂಡಮಗ ಒಬ್ಬ ಅದಾನಲ್ಲ, ಅಂವನ ಮದುವಿಗೆ ನೋಡೂಣು."

ಕಾದರು. ಮುಂದಿನ ವರ್ಷ ಮಗನ ಮದುವೆಯೂ ಬಂತು, ಕಾರುಗಳಿಗೆ ಮತ್ತೆ ಚಾಚಾ ಅವರಿಗೇ ಹೇಳಿದ.

ಸಂಜೆಯ ಬಿಸಿಲು ಇನ್ನೂ ಇತ್ತು. ಛತ್ರದ ಎದುರಿನ ಹೂವಿನ ಅಂಗಡಿಯ ಹತ್ತಿರ ಕಾಕು, ಶೈಲಾ, ನಾನು ನಿಂತಿದ್ದೆವು. ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಹೂವಿನಿಂದ ಸಿಂಗರಿಸಿದ ಕಾರುಗಳ ಸಾಲು ಬಂದು ನಿಂತಿತು. ಎಲ್ಲಕ್ಕೂ ಅವನೇ ಕೂರಿಸಿದ ಸ್ಟೀರಿಯೊ. ಸಫಾರಿ ಸೂಟು ತೊಟ್ಟ ಅವನು ಮೊದಲ ಕಾರಿನಿಂದ ಇಳಿದು, "ಹಾಕ್ರೋ ಹಾಡು! ಜೋರಾಗ್ ಹಾಕ್ರಿ, ಇಡೀ ಯಶವಂತಪುರ ಕೇಳ್ಬೇಕು" ಎಂದು ಕೈ ಬೀಸಿದ.

ಚಾಚಾ ಗಾಜು ಇಳಿಸಿ ನಮ್ಮ ಕ್ಯಾಸೆಟ್ ಹಾಕಿದರು. ಹಿಂದಿನ ಕಾರುಗಳವರೂ ಅದರದೇ ಪ್ರತಿ ಹಾಕಿದರು. ಅವನದೇ ದನಿ ಬೀದಿ ತುಂಬಿತು:

"ನಮಸ್ಕಾರ ಬಂಧುಗಳೇ. ನಾನು... ನಾಚಿಕೆ ಬಿಟ್ಟ... ಕಳ್ಳ. ಹೆಣ್ಣಿನ ದನಿ... ಕದ್ದ... ಕಳ್ಳ. ಎಚ್ಚರಿಕೆ. ಎಚ್ಚರಿಕೆ. ಎಚ್ಚರಿಕೆ."

ಅದರ ಬೆನ್ನಿಗೇ ಕಾಕುವಿನ ಹಾಡು. ಡ್ರಮ್ಮು ಗಿಮ್ಮು ಇಲ್ಲ, ನಾನು ಬಡಿದ ಸ್ಟೀಲ್ ತಟ್ಟೆಯ ತಾಳ ಮಾತ್ರ:

ಮೈಕಿನ ಬೀಗರು ಬಂದಾರ, ಬಾಗಲ ಮುಚ್ಚರಿ,
ಕಿವಿಯ ಕೊಟ್ಟರ ನಾಲಿಗಿ ಒಯ್ತಾರ, ಎಚ್ಚರಿ.

ಮೊದಲು ನಕ್ಕವಳು ಆರತಿ ತಟ್ಟೆ ಹಿಡಿದಿದ್ದ ಮುದುಕಿ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಅವನು ಒಂದು ಕಾರಿನಿಂದ ಇನ್ನೊಂದಕ್ಕೆ ಓಡಿದ. ಒಂದನ್ನು ನಿಲ್ಲಿಸುವಷ್ಟರಲ್ಲಿ ಮತ್ತೊಂದು ಕಾರು "ಕಳ್ಳ" ಎನ್ನುತ್ತಿತ್ತು. ಸೂಟಿನ ಬೆನ್ನು ಬೆವರಿನಿಂದ ತೊಯ್ದುಹೋಯಿತು.

ಕಾಕು ನಗಲಿಲ್ಲ. ರಸ್ತೆ ದಾಟಿ ಅವನೆದುರು ನಿಂತರು. "ಒಂದು ಪದಾನೂ ಸೇರ್ಸಿಲ್ರಿ ಸಾವ್ಕಾರ್ರ. ಕತ್ತರ್ಸೀನಿ, ಅಷ್ಟ" ಎಂದರು. ಅವನು ತಿರುಗಿ ಮುಂದಿನ ಕಾರಿನ ಕಡೆ ಓಡಿದ. ನನಗೆ ಆವತ್ತು ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮುಂದೆ ನನ್ನ ಮದುವೆಯ ದಿನವೂ ಅಷ್ಟು ಆಗಲಿಲ್ಲ.

ಮದುವೆಯೇನೋ ನಡೆಯಿತು. ಆದರೆ ಅವನಿಗೆ ಕಳ್ಳ ಎಂಬ ಹೆಸರು ಅಂಟಿಕೊಂಡಿತು. ಕಾರಿನವರು ಅಂಗಡಿ ಮುಂದೆ ಹಾಯುವಾಗ "ಎಚ್ಚರಿಕೆ" ಎಂದು ಕೂಗಿ ಹೋಗುತ್ತಿದ್ದರು. ಕೆಲವು ತಿಂಗಳ ಮೇಲೆ ಅವನು ಹಣ್ಣು ತೆಗೆದುಕೊಂಡು ಕಾಕುವಿನ ಮನೆಗೆ ಬಂದ. "ನನ್ ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ. ಕ್ಷಮಿಸಿದೀನಿ ಅಂತ ನಾಲ್ಕ್ ಜನದ್ ಮುಂದೆ ಒಂದ್ ಮಾತ್ ಹೇಳಿ" ಎಂದ. ಕಾಕು ಅವನನ್ನು ಕೂರಿಸಿದರು, ಶೈಲಾಳಿಗೆ ಹೇಳಿ ಚಹಾ ತರಿಸಿದರು.

"ಚಾ ಕುಡೀರಿ. ಮನಿಗೆ ಬಂದವ್ರಿಗೆ ಇಲ್ಲ ಅನ್ನಂಗಿಲ್ಲ. ಆದ್ರ ಮಾಫಿ ಮಾಡಂಗಿಲ್ಲ."

ಅವನು ಅಂಗಡಿ ಮುಚ್ಚಿ ಬಾಗಲಗುಂಟೆ ಕಡೆಗೆ ಹೋದ.

ಶೈಲಾ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆದಳು. ಕಾರಿನಲ್ಲಿ ನಡೆದದ್ದನ್ನು ಮೊದಲೇ ಕೇಳಿ ತಿಳಿದುಕೊಂಡ ಒಬ್ಬ ಸಹೋದ್ಯೋಗಿಯನ್ನು ಮದುವೆಯಾದಳು. ಆಮೇಲೆ ಕಾಕು ಹೆಚ್ಚು ಕಾಲ ಉಳಿಯಲಿಲ್ಲ. ಕಾಮಾಲೆ ಅವರನ್ನು ಒಂದೇ ಬೇಸಿಗೆಯಲ್ಲಿ ಹಿಂಡಿಹಾಕಿತು. ಆಸ್ಪತ್ರೆಯಲ್ಲಿ ಅವರ ಅಕ್ಕ, "ಹೋಗೂ ಮುಂದ ಮನಸಿನ್ಯಾಗ ಏನೂ ಇಟ್ಕೋಬ್ಯಾಡ, ಆ ಅಂಗಡಿಯವನ್ನ ಮಾಫ್ ಮಾಡಿಬಿಡ" ಎಂದು ಕಣ್ಣೀರಿಟ್ಟರು.

ಕಾಕು ಕಣ್ಣು ತೆರೆಯದೆ, "ದೇವ್ರು ಮಾಡ್ಲಿ. ಅಂವಗ ಪುರಸೊತ್ತು ಐತಿ" ಎಂದರು.

ಕಾಕು ತೀರಿಕೊಂಡ ದಿನ ಬೆಳಿಗ್ಗೆ ಆ ಅಂಗಡಿಯವನು ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು ಬಂದ. ಗೇಟಿನ ಹತ್ತಿರ ನಾನು ಮತ್ತು ಶೈಲಾ ನಿಂತಿದ್ದೆವು. ಅವಳು ನನ್ನ ಮುಖ ನೋಡಿದಳು. ನಾನು ಚಿಲಕದ ಮೇಲಿಟ್ಟ ಕೈ ತೆಗೆಯಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಹಾರವನ್ನು ಗೇಟಿಗೇ ತೂಗುಹಾಕಿ ಹೊರಟುಹೋದ. ಬೀದಿಯ ಹಸುವೊಂದು ಬಂದು ಅದಕ್ಕೆ ಬಾಯಿ ಹಾಕಿತು. ಹಸು ಅದನ್ನು ತಿಂದು ಮುಗಿಸುವವರೆಗೂ ನಾವಿಬ್ಬರೂ ನೋಡುತ್ತ ನಿಂತಿದ್ದೆವು, ಓಡಿಸಲಿಲ್ಲ.